ಮಲೆನಾಡಿನ ಮೇಜಿಗೆ ಯಾವ ಪ್ರಿಂಟರ್‌, ಯಾವ ಕೀಲಿಮಣೆ, ಯಾವ ಸ್ಕ್ಯಾನರ್‌?

ಆರಿದ್ರಾ ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಹೊಸನಗರದ ಕಡೆ ಒಡೆದಿಟ್ಟ ಕಾಗದದ ಕಟ್ಟು ಎರಡೇ ದಿನದಲ್ಲಿ ಮೆತ್ತಗಾಗಿ, ಅದರ ಅಂಚು ಅಲೆಅಲೆಯಾಗಿ ಏಳುತ್ತದೆ. ಡಬ್ಬಿಯ ಮುಚ್ಚಳ ಹಾಕಲು ಮರೆತ ಹಪ್ಪಳದ ಪಾಡೇ ಅದರ ಪಾಡೂ ಆಗುತ್ತದೆ. ಆ ಕಾಗದವನ್ನು ಪ್ರಿಂಟರಿಗೆ ಹಾಕಿ, ಅದು ಸಿಕ್ಕಿಕೊಂಡಾಗ ಯಂತ್ರವನ್ನೇ ಹೊತ್ತು ರಿಪೇರಿಗೆ ತರುವವರನ್ನು ನಾನು ಪ್ರತಿ ಮಳೆಗಾಲದಲ್ಲಿಯೂ ನೋಡುತ್ತೇನೆ. ಯಂತ್ರದಲ್ಲಿ ಹಲವು ಸಲ ದೋಷವೇನೂ ಇರುವುದಿಲ್ಲ. ಆ ಊರಿಗೆ, ಆ ಕೋಣೆಗೆ, ಆ ಕೆಲಸಕ್ಕೆ ಹೊಂದದ ಯಂತ್ರವನ್ನು ಬೆಲೆ ನೋಡಿ ಕೊಂಡಿರುತ್ತಾರೆ, ಅಷ್ಟೆ. ಕಂಪ್ಯೂಟರಿನ ಒಳಗಿನ ಪ್ರೊಸೆಸರ್‌, ಮೆಮೊರಿಗಳು ತಮ್ಮದೇ ಬಿಸಿಯಲ್ಲಿ ಒಣಗಿಕೊಂಡಿರುತ್ತವೆ. ಹೊರಗಿನ ಗಾಳಿ, ಕೈ, ಕಾಗದಗಳ ಜೊತೆ ನೇರವಾಗಿ ವ್ಯವಹರಿಸುವ ಸಾಧನಗಳು, ಅಂದರೆ ಮಾಹಿತಿಯನ್ನು ಒಳಗೆ ಕಳುಹಿಸುವ ಕೀಲಿಮಣೆ, ಮೌಸ್‌, ಸ್ಕ್ಯಾನರ್‌ ಮತ್ತು ಹೊರಗೆ ತರುವ ಪ್ರಿಂಟರ್‌, ಪರದೆಗಳು, ಥಂಡಿಗೆ ಮೊದಲು ಸಿಕ್ಕಿಬೀಳುತ್ತವೆ. ಆದುದರಿಂದ ಇವುಗಳನ್ನು ಆರಿಸುವಾಗ ಡಬ್ಬಿಯ ಮೇಲಿನ ಅಂಕಿಗಳಿಗಿಂತ ಮೊದಲು ಅವು ಕೆಲಸ ಮಾಡುವ ಬಗೆಯನ್ನು ತಿಳಿದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಹೆಚ್ಚು ಹಣ ಹೋಗುವುದೂ ಹೆಚ್ಚು ತಪ್ಪು ಆಯ್ಕೆಯಾಗುವುದೂ ಪ್ರಿಂಟರಿನಲ್ಲಿ. ಪೇಟೆಯಲ್ಲಿ ಸಿಗುವುದು ಮುಖ್ಯವಾಗಿ ನಾಲ್ಕು ಬಗೆ: ಲೇಸರ್‌, ಇಂಕ್‌ಜೆಟ್‌, ಡಾಟ್‌ ಮ್ಯಾಟ್ರಿಕ್ಸ್‌ ಮತ್ತು ಥರ್ಮಲ್‌.

ಲೇಸರ್‌ ಪ್ರಿಂಟರಿನ ಮೂಲ ಜೆರಾಕ್ಸ್‌ ಯಂತ್ರದಲ್ಲಿದೆ. ಅಮೆರಿಕದ ಚೆಸ್ಟರ್‌ ಕಾರ್ಲ್‌ಸನ್‌ 1938ರ ಅಕ್ಟೋಬರ್‌ 22ರಂದು ಒಣಪುಡಿ ಮತ್ತು ಸ್ಥಿರ ವಿದ್ಯುತ್ತಿನಿಂದ ಪ್ರತಿ ತೆಗೆದು ತೋರಿಸಿದ ವಿಧಾನವೇ ಇಂದಿಗೂ ಅದರ ಜೀವಾಳ. ಒಳಗಿನ ಡ್ರಮ್ಮಿನ ಮೈಮೇಲೆ ಮೊದಲು ಸಮನಾಗಿ ವಿದ್ಯುದಾವೇಶ ಕೂರುತ್ತದೆ. ಅಕ್ಷರ ಮೂಡಬೇಕಾದ ಕಡೆ ಲೇಸರ್‌ ಕಿರಣ ಬಿದ್ದು ಆ ಆವೇಶ ಇಳಿಯುತ್ತದೆ. ಅಲ್ಲಿಗೆ ಟೋನರ್‌ ಎಂಬ ಪ್ಲಾಸ್ಟಿಕ್‌ ಮಿಶ್ರಿತ ಕಪ್ಪುಪುಡಿ ಅಂಟಿಕೊಂಡು, ಕಾಗದದ ಹಿಂಬದಿಗೆ ಕೊಟ್ಟ ಆವೇಶದ ಸೆಳೆತಕ್ಕೆ ಕಾಗದದ ಮೇಲೆ ದಾಟಿ, ಕೊನೆಯಲ್ಲಿ ಸುಮಾರು 200 ಡಿಗ್ರಿ ಬಿಸಿಯ ರೋಲರುಗಳ ನಡುವೆ ಕರಗಿ ಅಂಟುತ್ತದೆ. ಈ ಸರಣಿಯನ್ನು ತಿಳಿದರೆ ಮಳೆಗಾಲದಲ್ಲಿ ಲೇಸರ್‌ ಮುದ್ರಣ ಮಾಸಲಾಗುವುದೇಕೆಂಬುದೂ ತಿಳಿಯುತ್ತದೆ. ಒಣ ಕಾಗದ ಆವೇಶವನ್ನು ಹಿಡಿದಿಟ್ಟುಕೊಳ್ಳುತ್ತದೆ, ತೇವ ಹೀರಿದ ಕಾಗದದಲ್ಲಿ ಅದು ಸೋರಿಹೋಗುತ್ತದೆ. ಹೀಗಾಗಿ ಪುಡಿ ಪೂರ್ತಿ ದಾಟುವುದಿಲ್ಲ ಮತ್ತು ಅಲ್ಲಲ್ಲಿ ಅಕ್ಷರ ತೇಲಿಹೋಗುತ್ತದೆ. ದಾಟಿದ ಮೇಲೂ ಬಿಸಿ ರೋಲರಿನಲ್ಲಿ ಕಾಗದದೊಳಗಿನ ನೀರು ಆವಿಯಾಗಿ ಹಾಳೆ ಸುರುಳಿಯಾಗುತ್ತದೆ. ಟೋನರ್‌ ಖಾಲಿಯಾಯಿತೆಂದು ಹೊಸ ಕಾರ್ಟ್ರಿಡ್ಜ್‌ ಹಾಕಿಸಿದವರಿಗೆ, ಹೊಸ ಕಟ್ಟಿನ ಕಾಗದ ಹಾಕಿ ನೋಡಿ ಎಂದು ಹೇಳಿ ನಾನು ನಿಷ್ಠುರವಾದದ್ದೂ ಉಂಟು.

ಆದರೂ ಅಕ್ಷರ ಒಮ್ಮೆ ಮೂಡಿತೆಂದರೆ ಲೇಸರಿನಷ್ಟು ಗಟ್ಟಿ ಬೇರೊಂದಿಲ್ಲ. ಕರಗಿ ಅಂಟಿದ ಪ್ಲಾಸ್ಟಿಕ್‌ ಆದ್ದರಿಂದ ಛತ್ರಿಯಿಂದ ನಾಲ್ಕು ಹನಿ ಬಿದ್ದರೂ ಕದಡುವುದಿಲ್ಲ. ಟೋನರ್‌ ಒಣಪುಡಿಯಾದ್ದರಿಂದ ಯಂತ್ರವನ್ನು ಎರಡು ತಿಂಗಳು ಮುಟ್ಟದಿದ್ದರೂ ಮತ್ತೆ ಹಾಕಿದ ಕೂಡಲೇ ಮುದ್ರಿಸುತ್ತದೆ. ಬೇಸಿಗೆ ರಜೆಯಲ್ಲಿ ಬೀಗ ಹಾಕಿಡುವ ಶಾಲೆಗಳಿಗೆ ಇದು ಸಣ್ಣ ಅನುಕೂಲವಲ್ಲ.

ಅದರ ದೊಡ್ಡ ತೊಡಕು ಕರೆಂಟು. ರೋಲರನ್ನು ಕಾಯಿಸುವ ಹೀಟರ್‌ ಚಾಲೂ ಆದಾಗ ಸಣ್ಣ ಲೇಸರ್‌ ಪ್ರಿಂಟರ್‌ ಕೂಡ ಕೆಲವು ನೂರು ವಾಟ್‌ ಎಳೆಯುತ್ತದೆ. ಹಳ್ಳಿಯ ಮನೆಗಳಲ್ಲಿ ಆ ಗಳಿಗೆಗೆ ಬಲ್ಬು ಮಂಕಾಗುವುದನ್ನು ಕಣ್ಣಾರೆ ಕಾಣಬಹುದು. ಮೇಜಿನ ಕೆಳಗಿನ 600 ವಿಎ ಯುಪಿಎಸ್‌ ಕೊಡಬಲ್ಲದ್ದು ಸುಮಾರು 360 ವಾಟ್‌ ಮಾತ್ರ. ಅದಕ್ಕೆ ಲೇಸರ್‌ ಪ್ರಿಂಟರ್‌ ಸಿಕ್ಕಿಸಿದರೆ ಪ್ರಿಂಟ್‌ ಕೊಟ್ಟ ತಕ್ಷಣ ಯುಪಿಎಸ್‌ ಕೂಗಿಕೊಂಡು, ಕಂಪ್ಯೂಟರನ್ನೂ ತನ್ನೊಡನೆ ಆರಿಸುತ್ತದೆ. ಮರ ಬಿದ್ದು ತಂತಿ ಹರಿದು ದಿನಗಟ್ಟಲೆ ಕರೆಂಟಿಲ್ಲದೆ ಇನ್ವರ್ಟರಿನಲ್ಲಿಯೇ ಕೆಲಸ ಸಾಗಿಸಬೇಕಾದ ಆಗುಂಬೆ, ಬಿದನೂರು ನಗರ, ನಿಟ್ಟೂರಿನ ಸುತ್ತಿನ ಊರುಗಳವರು ಲೇಸರ್‌ ಕೊಳ್ಳುವ ಮುನ್ನ ಎರಡು ಸಲ ಯೋಚಿಸುವುದು ಒಳ್ಳೆಯದು. ಕರೆಂಟು ಅಷ್ಟಾಗಿ ಕೈಕೊಡದ ಶಿವಮೊಗ್ಗ ಪೇಟೆಯ ವಕೀಲರ ಕಚೇರಿಗೋ ಲೆಕ್ಕಪರಿಶೋಧಕರ ಕಚೇರಿಗೋ ಆದರೆ ನಾನು ಕಪ್ಪು-ಬಿಳುಪಿನ ಲೇಸರನ್ನೇ ಹೇಳುತ್ತೇನೆ.

ಇಂಕ್‌ಜೆಟ್ಟಿನದು ಇದಕ್ಕೆ ನೇರ ತಿರುವು. ಕೂದಲೆಳೆಗಿಂತ ಸಣ್ಣ ರಂಧ್ರಗಳಿಂದ ಶಾಯಿಯ ಹನಿಗಳನ್ನು ಕಾಗದಕ್ಕೆ ಚಿಮ್ಮಿಸುವುದೇ ಅದರ ಕೆಲಸ. ಕಾಯಿಸಬೇಕಾದ ರೋಲರಿಲ್ಲದ ಕಾರಣ ಹತ್ತಿಪ್ಪತ್ತು ವಾಟಿನಲ್ಲಿ ಮುಗಿಯುತ್ತದೆ, ಇನ್ವರ್ಟರಿಗೆ ಹೊರೆಯೇ ಅಲ್ಲ. ಹನಿ ಚಿಮ್ಮಿಸುವುದರಲ್ಲಿ ಎರಡು ದಾರಿಗಳಿವೆ. ಎಚ್‌ಪಿ, ಕ್ಯಾನನ್‌ ಯಂತ್ರಗಳಲ್ಲಿ ಪುಟ್ಟ ಹೀಟರೊಂದು ಕ್ಷಣಾರ್ಧಕ್ಕಿಂತ ಕಡಿಮೆ ಹೊತ್ತಿನಲ್ಲಿ ಶಾಯಿಯನ್ನು ಕುದಿಸಿ, ಏಳುವ ಗುಳ್ಳೆಯ ಒತ್ತಡಕ್ಕೆ ಹನಿ ಹೊರಬೀಳುತ್ತದೆ. ಎಪ್ಸನ್‌, ಬ್ರದರ್‌ ಯಂತ್ರಗಳಲ್ಲಿ ವಿದ್ಯುತ್‌ ತಾಗಿದರೆ ಬಾಗುವ ಪಿಯೆಜೊ ಹರಳು ಶಾಯಿಯನ್ನು ಒತ್ತಿ ತಳ್ಳುತ್ತದೆ. ಗುಳ್ಳೆಯ ವಿಧಾನದಲ್ಲಿ ರಂಧ್ರದ ತಲೆ ಬೇಗ ಸವೆಯುತ್ತದೆಯಾದರೂ ಅದನ್ನು ಬಳಕೆದಾರನೇ ಬದಲಿಸಿಕೊಳ್ಳಬಹುದಾದ ಮಾದರಿಗಳು ಹಲವಿವೆ. ಪಿಯೆಜೊ ತಲೆ ಬಹುಕಾಲ ಬಾಳುತ್ತದೆ, ಆದರೆ ಕಟ್ಟಿಕೊಂಡು ಹಾಳಾದರೆ ಹೊಸ ತಲೆಯ ಬೆಲೆ ಕೇಳಿ ಯಂತ್ರವನ್ನೇ ಬಿಟ್ಟುಬಿಡುವಂತಾಗುತ್ತದೆ. ವಾರಕ್ಕೊಮ್ಮೆಯಾದರೂ ಮುದ್ರಿಸುವವರಿಗೆ ಪಿಯೆಜೊ, ತಿಂಗಳುಗಟ್ಟಲೆ ಮುಟ್ಟದವರಿಗೆ ತಲೆ ಬದಲಿಸಬಹುದಾದ ಮಾದರಿ ಎಂದು ನಾನು ಹೇಳುವುದು ಇದೇ ಕಾರಣಕ್ಕೆ.

ಇಂಕ್‌ಜೆಟ್‌ ಕೊಳ್ಳುವವರು ಅಂಗಡಿಯಲ್ಲಿ ಕೇಳಲೇಬೇಕಾದ ಒಂದು ಪ್ರಶ್ನೆಯಿದೆ, ಅದನ್ನು ಕೇಳಿದವರನ್ನು ನಾನು ಕಂಡದ್ದು ಕಡಿಮೆ. ಕಪ್ಪು ಶಾಯಿ ಡೈ ಬಗೆಯದೋ ಪಿಗ್‌ಮೆಂಟ್‌ ಬಗೆಯದೋ? ಡೈ ಎಂದರೆ ಸಕ್ಕರೆಯಂತೆ ನೀರಿನಲ್ಲಿ ಪೂರ್ಣ ಕರಗಿದ ಬಣ್ಣ. ಪಿಗ್‌ಮೆಂಟ್‌ ಎಂದರೆ ಶೇಡಿಯಂತೆ ನೀರಿನಲ್ಲಿ ತೇಲುವ ಸೂಕ್ಷ್ಮ ಕಣ. ಡೈ ಶಾಯಿಯಲ್ಲಿ ಮುದ್ರಿಸಿದ ಅರ್ಜಿಯನ್ನು ಮಳೆಯಲ್ಲಿ ತಾಲ್ಲೂಕು ಕಚೇರಿಗೆ ಒಯ್ದರೆ ಹನಿ ಬಿದ್ದಲ್ಲೆಲ್ಲ ನೀಲಿಗಪ್ಪು ಹೂ ಅರಳಿರುತ್ತದೆ. ಪಿಗ್‌ಮೆಂಟ್‌ ಕಣ ಕಾಗದದ ನಾರಿನಲ್ಲಿ ಕೂತು ಒಣಗಿದ ಮೇಲೆ ಸುಲಭಕ್ಕೆ ಕದಲುವುದಿಲ್ಲ. ಬಾಟಲಿಯಿಂದ ಶಾಯಿ ತುಂಬುವ ಇಂಕ್‌ ಟ್ಯಾಂಕ್‌ ಯಂತ್ರಗಳಲ್ಲಿ ಕೆಲವಕ್ಕೆ ಕಪ್ಪು ಪಿಗ್‌ಮೆಂಟ್‌ ಆಗಿದ್ದು ಬಣ್ಣದ ಮೂರು ಡೈ ಆಗಿರುತ್ತವೆ. ಕಚೇರಿಯ ಕಾಗದಪತ್ರಕ್ಕೆ ಅದೇ ಸರಿಯಾದ ಜೋಡಿ. ಇದರೊಡನೆ ಒಂದು ಅಭ್ಯಾಸವೂ ಬೇಕು. ಯಂತ್ರವನ್ನು ಅದರದೇ ಗುಂಡಿ ಒತ್ತಿ ಆರಿಸಿದರೆ ತಲೆ ಮೂಲೆಗೆ ಸರಿದು ರಬ್ಬರ್‌ ಮುಚ್ಚಳದ ಮೇಲೆ ಕೂರುತ್ತದೆ. ಗೋಡೆಯ ಸ್ವಿಚ್‌ ತೆಗೆದರೆ ತಲೆ ನಡುದಾರಿಯಲ್ಲಿ ಬಾಯ್ತೆರೆದು ನಿಂತು ಒಣಗುತ್ತದೆ. ಮಳೆಗಾಲದಲ್ಲಿ ಹೇಗೋ ನಡೆದೀತು; ಫೆಬ್ರುವರಿ, ಮಾರ್ಚಿಯ ಒಣಹವೆಯಲ್ಲಿ ಇದೊಂದರಿಂದಲೇ ಕಟ್ಟಿಕೊಂಡ ತಲೆಗಳು ನನ್ನಲ್ಲಿಗೆ ಬರುತ್ತವೆ.

ಬಾಟಲಿಗೆ ಇಷ್ಟು ಸಾವಿರ ಪುಟ, ಕಾರ್ಟ್ರಿಡ್ಜಿಗೆ ಇಷ್ಟು ನೂರು ಪುಟ ಎಂಬ ಲೆಕ್ಕವನ್ನು ನೋಡುವಾಗ, ಟೋನರಿನ ಲೆಕ್ಕವನ್ನು ಸಾಮಾನ್ಯವಾಗಿ ಹಾಳೆಯ ನೂರಕ್ಕೆ 5ರಷ್ಟು ಜಾಗ ಮಾತ್ರ ಕಪ್ಪಾಗುವ ಪುಟವನ್ನಿಟ್ಟುಕೊಂಡು ಹೇಳುತ್ತಾರೆಂಬುದು ನೆನಪಿರಲಿ. ಚೌಕಗಳು ತುಂಬಿದ ಪಹಣಿಯ ಪ್ರತಿಯೋ ಆಧಾರ್‌ ಕಾರ್ಡಿನ ಜೆರಾಕ್ಸೋ ಅದಕ್ಕಿಂತ ಬಹಳ ಹೆಚ್ಚು ಕುಡಿಯುತ್ತದೆ.

ಡಾಟ್‌ ಮ್ಯಾಟ್ರಿಕ್ಸ್‌ ಎಂದರೆ ಹಳೆಯ ಕಾಲದ್ದು ಎಂದು ಮೂಗು ಮುರಿಯುವವರು ಒಮ್ಮೆ ಅಡಿಕೆ ಮಂಡಿಯೊಳಗೆ ಹೋಗಿ ಬರಬೇಕು. ರಾಶಿ, ಬೆಟ್ಟೆ, ಸರಕು, ಗೊರಬಲು ಎಂದು ಬೇರೆ ಬೇರೆ ಬರೆದು ತೂಕ ಹಾಕಿದ ಪಟ್ಟಿಯ ಪ್ರತಿ ಬೆಳೆಗಾರನಿಗೂ ಮಂಡಿಗೂ ಖರೀದಿದಾರನಿಗೂ ಒಂದೇ ಏಟಿಗೆ ಬೇಕು, ಮೂರರಲ್ಲಿಯೂ ಅಂಕಿ ಒಂದೇ ಆಗಿರಬೇಕು. ನಡುವೆ ಕಾರ್ಬನ್‌ ಇಟ್ಟ ಮೂರು ಹಾಳೆಗಳ ಮೇಲೆ ಒಮ್ಮೆಲೇ ಅಚ್ಚೊತ್ತುವ ಶಕ್ತಿ ಇರುವುದು ಹಾಳೆಗೆ ನಿಜವಾಗಿ ಹೊಡೆಯುವ ಯಂತ್ರಕ್ಕೆ ಮಾತ್ರ. ಇದರ ತಲೆಯಲ್ಲಿ 9 ಅಥವಾ 24 ಸೂಜಿಗಳಿದ್ದು, ಪ್ರತಿಯೊಂದರ ಹಿಂದೆ ಪುಟ್ಟ ವಿದ್ಯುತ್ಕಾಂತವಿರುತ್ತದೆ. ಸೂಜಿ ಮುನ್ನುಗ್ಗಿ ಶಾಯಿ ರಿಬ್ಬನ್ನಿಗೆ ಬಡಿದು ಹಾಳೆಯ ಮೇಲೆ ಚುಕ್ಕಿ ಇಡುತ್ತದೆ. ಆವೇಶದ ಗೊಡವೆಯಿಲ್ಲದ್ದರಿಂದ ಕಾಗದ ಸ್ವಲ್ಪ ಮೆತ್ತಗಿದ್ದರೂ ಇದಕ್ಕೆ ಚಿಂತೆಯಿಲ್ಲ. ಶಾಯಿ ಮುಗಿಯುತ್ತ ಬಂದರೆ ಅಕ್ಷರ ಹಂತಹಂತವಾಗಿ ತಿಳಿಯಾಗುತ್ತದೆಯೇ ಹೊರತು ನಡುವೆ ಕೈಕೊಡುವುದಿಲ್ಲ.

ಕನ್ನಡಿಗರಿಗೆ ಇಲ್ಲಿ ಒಂದು ಸೂಕ್ಷ್ಮವಿದೆ. ಇಂಥ ಬಹುಪಾಲು ಯಂತ್ರಗಳ ಒಳಗೆ ಇಂಗ್ಲಿಷ್‌ ಅಕ್ಷರಗಳ ರೂಪ ಮೊದಲೇ ತುಂಬಿರುವುದರಿಂದ ಇಂಗ್ಲಿಷ್‌ ಬಿಲ್ಲು ಸರಸರನೆ ಬರುತ್ತದೆ. ಕನ್ನಡದ ಸಾಲನ್ನು ಕಂಪ್ಯೂಟರ್‌ ಚಿತ್ರವಾಗಿ ಕಳುಹಿಸಬೇಕಾಗುವುದರಿಂದ ತಲೆ ಒಂದೇ ಸಾಲಿಗೆ ಹಲವು ಸಲ ಓಡಾಡಿ ನಿಧಾನವಾಗುತ್ತದೆ. 9 ಸೂಜಿಯ ಯಂತ್ರದಲ್ಲಿ ಚಿಕ್ಕ ಗಾತ್ರದ ಒತ್ತಕ್ಷರ ಕಲೆಸಿಹೋಗುತ್ತದೆ, ‘ಸ್ತ್ರೀ’ ಎಂಬುದು ಮಸಿಯ ಮುದ್ದೆಯಂತೆ ಕಾಣುತ್ತದೆ. ಕನ್ನಡದಲ್ಲಿ ಪಟ್ಟಿ ಕೊಡುವ ಸೊಸೈಟಿಯವರು ನಿಧಾನವಾದರೂ ಸರಿ ಎಂದು 24 ಸೂಜಿಯದನ್ನೇ ಕೊಳ್ಳಲಿ. ಅಂಕಿ ಮತ್ತು ಇಂಗ್ಲಿಷ್‌ ಸಾಕೆನ್ನುವವರಿಗೆ 9 ಸೂಜಿ ಧಾರಾಳವಾಯಿತು.

ಥರ್ಮಲ್‌ ಬಗ್ಗೆ ಹೆಚ್ಚು ಹೇಳುವುದಿಲ್ಲ. ಶಾಯಿ ಇರುವುದು ಯಂತ್ರದಲ್ಲಲ್ಲ, ಕಾಗದದ ಲೇಪದಲ್ಲಿ. ಬಿಸಿ ತಾಗಿದಲ್ಲಿ ಲೇಪ ಕಪ್ಪಾಗುತ್ತದೆ. ಬಸ್ಸಿನ ಟಿಕೆಟು, ಹೋಟೆಲಿನ ಬಿಲ್ಲು, ಹಾಲಿನ ಡೇರಿಯ ಚೀಟಿಗಳಿಗೆ ಇದಕ್ಕಿಂತ ಅನುಕೂಲವಾದದ್ದಿಲ್ಲ. ಆದರೆ ಅದೇ ಲೇಪ ಬಿಸಿಲಿಗೂ ಬಿಸಿಗೂ ಪ್ಲಾಸ್ಟಿಕ್‌ ಕವರಿನ ಸಂಗಕ್ಕೂ ಮಾಸುತ್ತದೆ. ಸಾಲ ಕಟ್ಟಿದ ರಸೀದಿಯನ್ನು ಥರ್ಮಲ್‌ ಚೀಟಿಯಲ್ಲಿ ಕೊಡುವ ಸಂಸ್ಥೆಗಳ ಮೇಲೆ ನನಗೆ ಸಿಟ್ಟಿದೆ. ಅಂಥ ಚೀಟಿ ಕೈಗೆ ಬಂದರೆ ಅಂದೇ ಜೆರಾಕ್ಸ್‌ ಮಾಡಿಸಿಡಬೇಕು.

ಕೀಲಿಮಣೆಯಲ್ಲಿ ಆಯ್ಕೆ ಮೆಂಬ್ರೇನ್‌ ಮತ್ತು ಮೆಕಾನಿಕಲ್‌ಗಳ ನಡುವೆ. ಎರಡರಲ್ಲಿಯೂ ಕೀಲಿಗಳು ಅಡ್ಡ-ಉದ್ದ ಸಾಲುಗಳ ಬಲೆಯಲ್ಲಿದ್ದು, ಒಳಗಿನ ಚಿಪ್ಪು ಕ್ಷಣಕ್ಕೆ ನೂರಾರು ಸಲ ಆ ಸಾಲುಗಳನ್ನು ತಡವಿ, ಯಾವ ಅಡ್ಡಸಾಲು ಯಾವ ಉದ್ದಸಾಲಿಗೆ ತಾಗಿತೆಂಬುದರಿಂದ ಒತ್ತಿದ ಕೀಲಿಯನ್ನು ಗುರುತಿಸುತ್ತದೆ. ಮೆಂಬ್ರೇನಿನಲ್ಲಿ ಈ ಬಲೆಯನ್ನು ತೆಳು ಪ್ಲಾಸ್ಟಿಕ್‌ ಹಾಳೆಗಳ ಮೇಲೆ ವಾಹಕ ಶಾಯಿಯಿಂದ ಬರೆದಿರುತ್ತಾರೆ. ಹಾಳೆಗಳ ನಡುವೆ ತೇವ ಸೇರಿದರೆ ಆ ಗೆರೆ ತಿನ್ನಿಸಿಕೊಂಡು ತುಂಡಾಗುತ್ತದೆ, ಆಗ ಒಂದು ಕೀಲಿಯಲ್ಲ, ಆ ಗೆರೆಯ ಮೇಲಿರುವ ಐದಾರು ಕೀಲಿಗಳು ಒಟ್ಟಿಗೆ ಸುಮ್ಮನಾಗುತ್ತವೆ. ಹಾಗಾದರೆ ರಿಪೇರಿಯ ಆಸೆ ಬಿಟ್ಟು ಹೊಸದನ್ನು ತರುವುದೇ ಲೇಸು, ಬೆಲೆಯೂ ಕಡಿಮೆ. ಮೆಕಾನಿಕಲ್‌ನಲ್ಲಿ ಪ್ರತಿ ಕೀಲಿಗೂ ಸ್ಪ್ರಿಂಗು, ಲೋಹದ ಸಂಪರ್ಕಗಳಿರುವ ಪ್ರತ್ಯೇಕ ಸ್ವಿಚ್ಚು ಇರುತ್ತದೆ. ಒಂದು ಕೆಟ್ಟರೆ ಬೆಸುಗೆ ಬಿಡಿಸಿ ಅದೊಂದನ್ನೇ ಬದಲಿಸಬಹುದು, ಒದ್ದೆಯಾದರೆ ಬಿಚ್ಚಿ ಒಣಗಿಸಬಹುದು. ಸಕ್ಕರೆ ಹಾಕಿದ ಕಾಫಿ ಚೆಲ್ಲಿದರೆ ಮಾತ್ರ ಎರಡಕ್ಕೂ ಒಂದೇ ಗತಿ. ಮೆಕಾನಿಕಲ್‌ನ ಒಳಗೆ ಜಾಗ ಹೆಚ್ಚಿರುವುದರಿಂದ ಅಲ್ಲಿ ಇರುವೆಗಳ ಸಂಸಾರವೂ ದೊಡ್ಡದು.

ದಿನಕ್ಕೆ ನಾಲ್ಕೈದು ಗಂಟೆ ಕನ್ನಡದಲ್ಲಿ ಬೆರಳಚ್ಚು ಮಾಡುವವರಿಗೆ ನಾನು ಮೆಕಾನಿಕಲ್‌ ಹೇಳುತ್ತೇನೆ. ‘ನುಡಿ’ ಎಂಬ ಕನ್ನಡ ತಂತ್ರಾಂಶದಲ್ಲಿ ಬಳಕೆಯಲ್ಲಿರುವ, ಕೆ.ಪಿ. ರಾವ್‌ ಅವರ ವಿನ್ಯಾಸದಲ್ಲಿ ಒತ್ತಕ್ಷರಕ್ಕೆಲ್ಲ ‘ಎಫ್‌’ ಕೀಲಿ ನಡುವೆ ಬರಬೇಕು: ‘ಕ್ಕ’ ಬೇಕಾದರೆ ಕ, ಎಫ್‌, ಕ. ಇನ್‌ಸ್ಕ್ರಿಪ್ಟ್‌ ಎಂಬ ಇನ್ನೊಂದು ಕೀಲಿ ವಿನ್ಯಾಸದಲ್ಲಿ ಅದೇ ಕೆಲಸವನ್ನು ‘ಡಿ’ ಕೀಲಿ ಮಾಡುತ್ತದೆ. ಕನ್ನಡದ ಯಾವ ವಾಕ್ಯ ತೆಗೆದುಕೊಂಡರೂ ಒತ್ತಕ್ಷರಗಳಿಗೆ ಬರವಿಲ್ಲದ್ದರಿಂದ ಆ ಒಂದು ಕೀಲಿ ಉಳಿದವುಗಳಿಗಿಂತ ಎಷ್ಟೋ ಪಟ್ಟು ಏಟು ತಿನ್ನುತ್ತದೆ. ಟೈಪಿಂಗ್‌ ಕೇಂದ್ರಗಳಿಂದ ನನ್ನಲ್ಲಿಗೆ ಬರುವ ಕೀಲಿಮಣೆಗಳಲ್ಲಿ ಮೊದಲು ಅಕ್ಷರ ಅಳಿಸಿಹೋಗಿರುವುದೂ ಅದರದೇ. ಎರಡು ವಿನ್ಯಾಸಗಳಲ್ಲಿ ಯಾವುದು ಮೇಲು ಎಂಬ ಜಗಳ ಇಲ್ಲಿ ಬೇಡ. ಇಂಗ್ಲಿಷ್‌ ಕೀಲಿಯ ಧ್ವನಿಯನ್ನು ಹಿಡಿದು ಕಲಿಯಲು ನುಡಿಯ ವಿನ್ಯಾಸ ಸುಲಭ. ಎಡಗೈಗೆ ಸ್ವರ, ಬಲಗೈಗೆ ವ್ಯಂಜನ ಎಂದು ಹಂಚಿರುವ ಇನ್‌ಸ್ಕ್ರಿಪ್ಟನ್ನು ಒಮ್ಮೆ ಕಲಿತರೆ ಅದೇ ಕೈಚಳಕದಲ್ಲಿ ತೆಲುಗು, ಹಿಂದಿಗಳನ್ನೂ ಒತ್ತಬಹುದು.

ಸ್ಕ್ಯಾನರಿನ ಆಯ್ಕೆ ನೀವು ಏನನ್ನು ಸ್ಕ್ಯಾನ್‌ ಮಾಡುತ್ತೀರಿ ಎಂಬುದರ ಮೇಲೆ ನಿಂತಿದೆ. ಈಗಿನ ತೆಳ್ಳಗಿನ ಸ್ಕ್ಯಾನರುಗಳಲ್ಲಿಯೂ ಬಹುಪಾಲು ‘ಆಲ್‌ ಇನ್‌ ಒನ್‌’ ಯಂತ್ರಗಳಲ್ಲಿಯೂ ಇರುವುದು ಸಿಐಎಸ್‌ ಸಂವೇದಕ. ಅದು ಗಾಜಿಗೆ ತೀರ ಹತ್ತಿರದಲ್ಲಿ ಹರಿಯುತ್ತ ಗಾಜಿಗೆ ಅಂಟಿದ್ದನ್ನು ಮಾತ್ರ ಸ್ಪಷ್ಟವಾಗಿ ನೋಡುತ್ತದೆ. ಬಿಡಿ ಹಾಳೆಗೆ ಅದು ಸಾಕು. ಹಳೆಯ ಕ್ರಯಪತ್ರದ ಮಡಿಕೆ, ದಪ್ಪ ಪುಸ್ತಕದ ನಡುಗೆರೆ, ಅಂಚು ಸುಕ್ಕಾದ ಕಡತ ಗಾಜಿನಿಂದ ನಾಲ್ಕೈದು ಮಿಲಿಮೀಟರ್‌ ಮೇಲೆದ್ದರೂ ಅದರ ಕಣ್ಣಿಗೆ ಮಂಜು. ಸಿಸಿಡಿ ಬಗೆಯದರಲ್ಲಿ ಕನ್ನಡಿಗಳೂ ಮಸೂರವೂ ಇರುವುದರಿಂದ ಅಷ್ಟು ಆಳ ಅದಕ್ಕೆ ಲೆಕ್ಕವಲ್ಲ, ಆದರೆ ಯಂತ್ರ ದಪ್ಪ, ಬೆಲೆ ಹೆಚ್ಚು. ಮಲೆನಾಡಿನಲ್ಲಿ ಇನ್ನೊಂದು ಮಾತನ್ನೂ ಸೇರಿಸಬೇಕು: ಮುಚ್ಚಿದ ಪೆಟ್ಟಿಗೆಯೊಳಗಿನ ಕನ್ನಡಿ, ಮಸೂರಗಳಿಗೆ ಎರಡು ಮಳೆಗಾಲದಲ್ಲಿ ಬೂಷ್ಟು ಹಿಡಿಯಬಹುದು. ಸಿಸಿಡಿ ಸ್ಕ್ಯಾನರನ್ನು ವಾರಕ್ಕೊಮ್ಮೆಯಾದರೂ ಚಾಲೂ ಮಾಡಿ, ಬಳಸದಾಗ ಸಿಲಿಕಾ ಜೆಲ್‌ ಪೊಟ್ಟಣದೊಡನೆ ಮುಚ್ಚಿಡಬೇಕು. ಮನೆಯಲ್ಲಿ ತಾಳೆಗರಿಯ ಕಟ್ಟು ಇರುವವರು ಯಾವ ಸ್ಕ್ಯಾನರಿನ ಮುಚ್ಚಳದ ಕೆಳಗೂ ಅದನ್ನು ಒತ್ತಬಾರದು, ಗರಿ ಸೀಳುತ್ತದೆ. ಮೇಲಿನಿಂದ ಕ್ಯಾಮೆರಾದಲ್ಲಿ ತೆಗೆಸುವುದೇ ಸರಿ. ಓಲೆಗ್ರಂಥಗಳ ಸಂಗ್ರಹವಿರುವ ಕೆಳದಿಯ ವಸ್ತುಸಂಗ್ರಹಾಲಯವನ್ನು ಮೊದಲು ವಿಚಾರಿಸುವುದು ಇನ್ನೂ ಮೇಲು.

ಬೆರಳಚ್ಚು ಓದುವ ಸಾಧನದ ಮಾತು ನ್ಯಾಯಬೆಲೆ ಅಂಗಡಿ ಮತ್ತು ಸೇವಾ ಕೇಂದ್ರ ನಡೆಸುವವರಿಗೆ ಮುಖ್ಯವಾದುದು. ಆಪ್ಟಿಕಲ್‌ ಬಗೆಯದು ಗಾಜಿನ ಮೇಲಿಟ್ಟ ಬೆರಳಿನ ಏಣುಗಳಿಂದ ಬೆಳಕು ತಿರುಗುವುದನ್ನು ನೋಡುತ್ತದೆ. ಕೆಪ್ಯಾಸಿಟಿವ್‌ ಬಗೆಯದು ಏಣು ಮತ್ತು ಕಣಿವೆಗಳ ನಡುವಿನ ವಿದ್ಯುತ್‌ ವ್ಯತ್ಯಾಸವನ್ನು ಅಳೆಯುತ್ತದೆ. ಒದ್ದೆ ಬೆರಳು ಎರಡನ್ನೂ ಗೊಂದಲಕ್ಕೆ ಕೆಡವುತ್ತದೆ. ಅಡಿಕೆ ಸುಲಿಯುವ ಕಾಲದಲ್ಲಿ ಇದಕ್ಕಿಂತ ದೊಡ್ಡ ಸಮಸ್ಯೆಯಿದೆ: ಚೊಗರು ಕೂತು, ಚರ್ಮ ಸವೆದು, ಕತ್ತಿಯ ಗೀರು ಬಿದ್ದ ಬೆರಳಿನಲ್ಲಿ ಓದಲು ಏಣುಗಳೇ ಉಳಿದಿರುವುದಿಲ್ಲ. ಇನ್ನೂ ಬೆಲೆಯ ಬೆರಳಚ್ಚು ಸಾಧನ ತಂದರೆ ಇದು ಬಗೆಹರಿಯದು. ಕಣ್ಣಿನ ಪಾಪೆಯ ಸುತ್ತಲಿನ ಐರಿಸನ್ನು ಅವಗೆಂಪು ಬೆಳಕಿನಲ್ಲಿ ಓದುವ ಸಾಧನವೇ ಅಂಥವರಿಗೆ ಆಸರೆ. ಹಣ ಕೂಡಿಸಿ ಒಂದನ್ನು ಇಟ್ಟುಕೊಂಡರೆ ಸರತಿಯಲ್ಲಿ ನಿಂತ ಅಜ್ಜಿಯರನ್ನು ಬರಿಗೈಯಲ್ಲಿ ಕಳುಹಿಸುವುದು ತಪ್ಪುತ್ತದೆ.

ಪರದೆಯ ವಿಷಯದಲ್ಲಿ ಒಂದೇ ಸಲಹೆ. 1920×1080 ಬಿಂದುಗಳ ಪರದೆ 21.5 ಅಂಗುಲದ್ದಾದರೆ ಅಂಗುಲಕ್ಕೆ ಸುಮಾರು 102 ಬಿಂದು, 27 ಅಂಗುಲದ್ದಾದರೆ ಸುಮಾರು 82. ಒತ್ತಕ್ಷರ ಕೆಳಗಿಳಿಯುವ ಕನ್ನಡದ ಸಾಲಿಗೆ ಎತ್ತರದಲ್ಲಿ ಬಿಂದು ಹೆಚ್ಚು ಬೇಕಾದ್ದರಿಂದ ಅದೇ ಬಿಂದುಗಳ ಚಿಕ್ಕ ಪರದೆಯೇ ಓದಲು ಹಿತ. ಪಕ್ಕದಲ್ಲಿ ಕೂತ ಗಿರಾಕಿಗೂ ತೋರಿಸಬೇಕಾದವರು ಐಪಿಎಸ್‌ ಬಗೆಯದನ್ನು ಕೇಳಲಿ, ಓರೆಯಿಂದ ನೋಡಿದರೂ ಬಣ್ಣ ಕೆಡುವುದಿಲ್ಲ.

ಮೌಸನ್ನು ಡಗ್ಲಸ್‌ ಎಂಗೆಲ್‌ಬಾರ್ಟ್‌ ಅವರ ತಂಡ 1964ರಲ್ಲಿ ಮರದ ಪೆಟ್ಟಿಗೆಗೆ ಎರಡು ಗಾಲಿ ಹಾಕಿ ಮಾಡಿತ್ತು. ಇಂದಿನದು ತನ್ನ ಹೊಟ್ಟೆಯ ಬೆಳಕನ್ನು ಮೇಜಿನ ಮೇಲೆ ಚೆಲ್ಲಿ, ಅಲ್ಲಿನ ಒರಟುತನದ ಚಿತ್ರವನ್ನು ಕ್ಷಣಕ್ಕೆ ಸಾವಿರಕ್ಕೂ ಹೆಚ್ಚು ಸಲ ತೆಗೆದು, ಹಿಂದಿನದಕ್ಕೂ ಈಗಿನದಕ್ಕೂ ಇರುವ ಸರಿತವನ್ನು ಲೆಕ್ಕ ಹಾಕುತ್ತದೆ. ನುಣುಪು ಗಾಜಿನಲ್ಲಿ ಅದಕ್ಕೆ ಹಿಡಿಯಲು ಒರಟು ಸಿಗುವುದಿಲ್ಲ. ಮೇಜಿನ ಗಾಜಿನ ಕೆಳಗೆ ಸಿಗಂದೂರು ದೇವಿಯ ಪಟವನ್ನೂ ಕ್ಯಾಲೆಂಡರನ್ನೂ ಇಟ್ಟುಕೊಂಡು, ಮೌಸ್‌ ಹಾರುತ್ತದೆ ಎಂದು ಮೂರನೆಯ ಮೌಸ್‌ ಕೊಳ್ಳಲು ಹೊರಟಿದ್ದ ಗುಮಾಸ್ತರೊಬ್ಬರಿಗೆ ನಾನು ಹಳೆಯ ಲೆಕ್ಕದ ಪುಸ್ತಕದ ರಟ್ಟನ್ನು ಕೊಟ್ಟೆ. ಅವರ ಮೊದಲನೆಯ ಮೌಸೇ ಈಗಲೂ ಅದರ ಮೇಲೆ ಓಡುತ್ತಿದೆ.